ನೂಲು ಬಿಚ್ಚಿ ನೇಯ್ದವರು

ಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದ ದಿನಗಳಲ್ಲಿ ಪಶ್ಚಿಮ ಆಫ್ರಿಕದ ‘ಗೋಲ್ಡ್ ಕೋಸ್ಟ್’ ವಸಾಹತನ್ನು ನಕ್ಷೆಯ ಮೇಲೆ ತೋರಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. 1957ರಲ್ಲಿ ಸ್ವತಂತ್ರವಾಗಿ ಘಾನಾ ಎಂಬ ಹೆಸರು ತಳೆದ ಆ ನಾಡಿನ ಕುಶಲಕರ್ಮಿಗಳ ಕಥೆಯನ್ನು ಓದಿದ್ದು ನಿವೃತ್ತಿಯ ಬಳಿಕವೇ.

ಘಾನಾದ ಅಸಾಂಟೆ ಮತ್ತು ಎವೆ ಜನರ ಕೆಂಟೆ ಬಟ್ಟೆ ಜಗತ್ಪ್ರಸಿದ್ಧ. ಮಗ್ಗದಲ್ಲಿ ಸುಮಾರು ನಾಲ್ಕು ಅಂಗುಲ ಅಗಲದ ಪಟ್ಟಿಗಳನ್ನು ನೇಯ್ದು, ಅಂಚಿಗೆ ಅಂಚು ಸೇರಿಸಿ ಹೊಲಿದರೆ ಒಂದು ಉಡುಗೆ. ಅಸಾಂಟೆ ರಾಜಧಾನಿ ಕುಮಾಸಿಯ ಬಳಿಯ ಬೊನ್ವಿರೆ ಗ್ರಾಮ ಈ ನೇಯ್ಗೆಗೆ ಹೆಸರುವಾಸಿ. 1817ರಲ್ಲಿ ಕುಮಾಸಿಗೆ ಬಂದ ಬ್ರಿಟಿಷ್ ನಿಯೋಗದ ಬೌಡಿಚ್ ಒಂದು ಸ್ವಾರಸ್ಯವನ್ನು ದಾಖಲಿಸಿದ್ದಾನೆ. ಹೊರಗಿನಿಂದ ಬಂದ ರೇಷ್ಮೆ ಬಟ್ಟೆಗಳನ್ನು ಅಲ್ಲಿಯವರು ಎಳೆಎಳೆಯಾಗಿ ಬಿಚ್ಚಿ, ಆ ಬಣ್ಣದ ನೂಲಿನಿಂದ ತಮ್ಮ ಬಟ್ಟೆಯನ್ನು ನೇಯುತ್ತಿದ್ದರಂತೆ! ಪರರ ವಸ್ತುವನ್ನು ತಮ್ಮದಾಗಿಸಿಕೊಳ್ಳುವ ಜಾಣ್ಮೆಯೆಂದರೆ ಇದು.

ಇನ್ನೊಂದು ಕಸುಬು ಅಡಿಂಕ್ರಾ. ಸೋರೆ ಬುರುಡೆಯ ಚೂರಿನಲ್ಲಿ ಅಚ್ಚು ಕೆತ್ತಿ, ಮರದ ತೊಗಟೆಯನ್ನು ಕುದಿಸಿದ ಕಪ್ಪು ಬಣ್ಣದಲ್ಲಿ ಅದ್ದಿ ಬಟ್ಟೆಗೆ ಒತ್ತುತ್ತಾರೆ. ಮೊದಲಿಗೆ ಅದು ಶೋಕದ ಉಡುಗೆ. ಪ್ರತಿ ಚಿಹ್ನೆಗೂ ಒಂದೊಂದು ನೀತಿಯುಂಟು. ಕತ್ತು ಹಿಂದಕ್ಕೆ ತಿರುಗಿಸಿದ ಹಕ್ಕಿ ‘ಸಂಕೋಫಾ’. ಮರೆತು ಬಂದದ್ದನ್ನು ಹಿಂದಿರುಗಿ ತೆಗೆದುಕೋ ಎಂದು ಅದರ ತಾತ್ಪರ್ಯ.

ಹಿಂದಿರುಗಿ ಪಡೆಯಬೇಕಾದದ್ದು ಅವರಿಗೆ ಬಹಳವಿತ್ತು. 1874ರಲ್ಲಿ ಜನರಲ್ ವೂಲ್ಸ್‌ಲಿಯ ಸೇನೆ ಕುಮಾಸಿಯನ್ನು ಸುಟ್ಟು, ಅರಮನೆಯ ಚಿನ್ನದ ಒಡವೆಗಳನ್ನು ದೋಚಿತು. ಅವುಗಳಲ್ಲಿ ಅನೇಕವು ಲಂಡನ್ನಿನ ವಸ್ತುಸಂಗ್ರಹಾಲಯಗಳನ್ನು ಸೇರಿದವು. 150 ವರ್ಷಗಳ ಬಳಿಕ, 2024ರಲ್ಲಿ, ಬ್ರಿಟಿಷ್ ಮ್ಯೂಸಿಯಂ ಮತ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗಳಿಂದ 32 ವಸ್ತುಗಳು ಕುಮಾಸಿಯ ಮನ್ಹಿಯಾ ಅರಮನೆಯ ಸಂಗ್ರಹಾಲಯಕ್ಕೆ ಬಂದವು. ಆದರೆ ಮೂರು ವರ್ಷಗಳ ಎರವಲಿನ ಮೇಲೆ! ಸಂಗ್ರಹವನ್ನು ಶಾಶ್ವತವಾಗಿ ಬಿಟ್ಟುಕೊಡಲು ಬ್ರಿಟನ್ನಿನ ಕಾನೂನು ಅಡ್ಡಿಯಂತೆ. ತಮ್ಮ ಮನೆಯ ಒಡವೆಯನ್ನು ತಾವೇ ಎರವಲು ಪಡೆಯುವ ಸ್ಥಿತಿ ಎಂಥದ್ದೆಂದು ಓದುಗರೇ ಯೋಚಿಸಬೇಕು.

ಒಡವೆ ಹೋದರೂ ಕಸುಬು ಉಳಿಯಿತು. ಘಾನಾದ ಆನ್ಯಾಕೋದಲ್ಲಿ 1944ರಲ್ಲಿ ಹುಟ್ಟಿದ ಎಲ್ ಅನಾಟ್ಸುಯಿ ಕೆಂಟೆ ನೇಯುವವರ ಮನೆಯ ಮಗ. 1975ರಿಂದ ದೀರ್ಘಕಾಲ ನೈಜೀರಿಯಾದ ಎನ್ಸುಕ್ಕಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದವರು. ಬಿಸಾಡಿದ ಮದ್ಯದ ಬಾಟಲಿಗಳ ಮುಚ್ಚಳಗಳನ್ನು ತಟ್ಟಿ ಚಪ್ಪಟೆ ಮಾಡಿ, ತಾಮ್ರದ ತಂತಿಯಿಂದ ಹೊಲಿದು, ಗೋಡೆಯಷ್ಟು ದೊಡ್ಡ ಮಿನುಗುವ ‘ಬಟ್ಟೆ’ಗಳನ್ನು ಅವರು ರಚಿಸಿದ್ದಾರೆ. ಮದ್ಯವು ಐರೋಪ್ಯ ವರ್ತಕರು ಆ ಕರಾವಳಿಗೆ ತಂದ ಸರಕು. ಗುಲಾಮರ ವ್ಯಾಪಾರದಲ್ಲೂ ವಿನಿಮಯವಾದದ್ದು. ಆ ಕಹಿ ನೆನಪನ್ನೇ ಅವರು ಕಲೆಯಾಗಿಸಿದರು. 2015ರಲ್ಲಿ ವೆನಿಸ್ ಬಿಯೆನಾಲೆ ಅವರಿಗೆ ಜೀವಮಾನ ಸಾಧನೆಯ ಚಿನ್ನದ ಸಿಂಹ ಪ್ರಶಸ್ತಿ ನೀಡಿತು. ರೇಷ್ಮೆ ಬಿಚ್ಚಿ ನೇಯ್ದ ಆ ಹಳೆಯ ನೇಕಾರರ ವಿದ್ಯೆಯೇ ಇಲ್ಲಿಯೂ ಕಾಣುತ್ತದಲ್ಲವೆ?

ಮತ್ತೊಮ್ಮೆ ತರಗತಿಗೆ ಹೋಗುವ ಅವಕಾಶ ಒದಗಿದರೆ, ಗೋಲ್ಡ್ ಕೋಸ್ಟ್ ಪಾಠದ ದಿನ ಕಪ್ಪು ಹಲಗೆಯ ಮೇಲೆ ಮೊದಲು ಸಂಕೋಫಾ ಹಕ್ಕಿಯನ್ನು ಬರೆಯುತ್ತೇನೆ.