ಗರ್ಭಿಣಿಯ ಆಹಾರ, ಧರ್ಮ ಮತ್ತು ಸರ್ಕಾರದ ತೀರ್ಮಾನ: ರಾಯಚೂರು ಜಿಲ್ಲೆಯ ಸಂದರ್ಭ

ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿ ಕೇಂದ್ರದಲ್ಲಿಯೇ ಮಧ್ಯಾಹ್ನದ ಬಿಸಿಯೂಟ ನೀಡುವ ಯೋಜನೆಯನ್ನು ಕರ್ನಾಟಕ ಸರ್ಕಾರವು 2017ರಲ್ಲಿ ಮೊದಲು ಪ್ರಾಯೋಗಿಕವಾಗಿ ಕೈಗೊಂಡಿತು. ಅದಕ್ಕಾಗಿ ಆರಿಸಿಕೊಂಡ ನಾಲ್ಕು ತಾಲ್ಲೂಕುಗಳಲ್ಲಿ ರಾಯಚೂರು ಜಿಲ್ಲೆಯ ಮಾನ್ವಿಯೂ ಒಂದು. ಉಳಿದವು ಜಮಖಂಡಿ, ಮಧುಗಿರಿ ಮತ್ತು ಹೆಗ್ಗಡದೇವನಕೋಟೆ. ಅದೇ ವರ್ಷದ ಅಕ್ಟೋಬರ್ 2ರಂದು ಈ ಯೋಜನೆ ‘ಮಾತೃಪೂರ್ಣ’ ಎಂಬ ಹೆಸರಿನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಿತು. ಅನ್ನ, ಸಾಂಬಾರು, ಪಲ್ಯ, ಹಾಲು ಮತ್ತು ಶೇಂಗಾ ಚಿಕ್ಕಿಯ ಜೊತೆಗೆ ಬೇಯಿಸಿದ ಒಂದು ಮೊಟ್ಟೆಯೂ ಆ ಊಟದಲ್ಲಿತ್ತು. ನಾಲ್ಕು ವರ್ಷಗಳ ಬಳಿಕ, 2021ರ ಡಿಸೆಂಬರ್‌ನಲ್ಲಿ, ಇದೇ ರಾಯಚೂರನ್ನೂ ಒಳಗೊಂಡ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ನೀಡಲು ಸರ್ಕಾರ ಮುಂದಾದಾಗ ಕೆಲವು ಮಠಾಧಿಪತಿಗಳು ಬಹಿರಂಗ ವಿರೋಧಕ್ಕಿಳಿದರು. ಗರ್ಭಿಣಿಯ ತಟ್ಟೆಗೆ ಬಂದ ಮೊಟ್ಟೆಯ ಬಗ್ಗೆ ಅಂತಹ ಸಾರ್ವಜನಿಕ ಕೋಲಾಹಲ ಏಳಲಿಲ್ಲ. ಈ ಮೌನಕ್ಕೆ ಕಾರಣವೇನು ಎಂಬುದು ಪ್ರಸ್ತುತ ಲೇಖನದ ಕೇಂದ್ರ ಪ್ರಶ್ನೆ.

ಸ್ತ್ರೀಯರ ಸಂತಾನಾರೋಗ್ಯದ ವಿಷಯದಲ್ಲಿ ಧರ್ಮದ ಮಾತು ಸರ್ಕಾರದ ಕಡತವನ್ನು ಪ್ರವೇಶಿಸುವುದು ಕನ್ನಡ ನಾಡಿಗೆ ಹೊಸತಲ್ಲ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಒಂದು ಸರ್ಕಾರವೇ ಇಂತಹ ಕೇಂದ್ರಗಳನ್ನು ತೆರೆದ ಮೊತ್ತಮೊದಲ ನಿದರ್ಶನಗಳಲ್ಲಿ ಇದೂ ಒಂದೆಂದು ಚರಿತ್ರಕಾರರು ಗುರುತಿಸಿದ್ದಾರೆ. ಸ್ವಾತಂತ್ರ್ಯಾನಂತರ ಕೇಂದ್ರದ ಮೊದಲ ಆರೋಗ್ಯ ಸಚಿವೆಯಾದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ. ಸಂಯಮವೊಂದೇ ಯೋಗ್ಯ ಮಾರ್ಗವೆಂಬ ಗಾಂಧೀಜಿಯವರ ನಿಲುವಿನ ಪ್ರಭಾವ ಅವರ ಮೇಲಿತ್ತು. ಕೃತಕ ಸಾಧನಗಳಿಗೆ ಒಪ್ಪದ ಅವರು ಋತುಚಕ್ರದ ‘ಸುರಕ್ಷಿತ ದಿನ’ಗಳನ್ನು ಲೆಕ್ಕ ಹಾಕುವ ವಿಧಾನಕ್ಕೆ ಸಮ್ಮತಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಆ ಪ್ರಯೋಗ ನಡೆದ ಸ್ಥಳಗಳಲ್ಲಿ ಮೈಸೂರು ರಾಜ್ಯದ ರಾಮನಗರವೂ ಒಂದು. ದಿನಗಳ ಲೆಕ್ಕವಿಡಲು ಮಹಿಳೆಯರಿಗೆ ಬಣ್ಣದ ಮಣಿಗಳ ಸರ ಕೊಡಲಾಗಿತ್ತು. 1952ರ ವಿಶ್ವ ಆರೋಗ್ಯ ಸಭೆಯಲ್ಲಿ ಕುಟುಂಬ ಯೋಜನೆಯ ಪ್ರಸ್ತಾಪಕ್ಕೆ ಕ್ಯಾಥೊಲಿಕ್ ಬಹುಸಂಖ್ಯಾತ ರಾಷ್ಟ್ರಗಳು ತೀವ್ರ ವಿರೋಧ ಒಡ್ಡಿದವು. ಜಿನೀವಾದಲ್ಲಿ ಒಂದು ಧರ್ಮದ ಆಕ್ಷೇಪ, ದೆಹಲಿಯಲ್ಲಿ ಇನ್ನೊಂದು ಬಗೆಯ ನೈತಿಕ ಆಗ್ರಹ; ಎರಡರ ನಡುವೆ ರಾಮನಗರದ ಗೃಹಿಣಿಯ ಕೈಗೆ ಬಂದದ್ದು ಮಣಿಸರ. ಪ್ರಯೋಗ ನಿರೀಕ್ಷಿತ ಫಲ ನೀಡಲಿಲ್ಲ.

ರಾಯಚೂರಿನ ಚರಿತ್ರೆ ಈ ಮೈಸೂರು ಕಥನದಿಂದ ಹೊರಗಿನದು. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಡಳಿತದಲ್ಲಿದ್ದು, ಅನಂತರ ಹೈದರಾಬಾದ್ ರಾಜ್ಯದ ಭಾಗವಾಗಿ ಮುಂದುವರಿದ ಈ ಜಿಲ್ಲೆ 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಬೆಂಗಳೂರು, ಮೈಸೂರುಗಳಲ್ಲಿ ಸರ್ಕಾರಿ ಹೆರಿಗೆ ಆಸ್ಪತ್ರೆಗಳು ಬೇರೂರಿದ್ದ ಕಾಲದಲ್ಲಿ ಇಲ್ಲಿನ ಹಳ್ಳಿಗಳ ಹೆರಿಗೆ ಸೂಲಗಿತ್ತಿಯ ಕೈಯಲ್ಲಿಯೇ ಇತ್ತು. ಈ ಅಂತರ ಏಕೀಕರಣದಿಂದ ತಾನಾಗಿ ಅಳಿಯಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯು ದೇವದುರ್ಗ ಮತ್ತು ಮಾನ್ವಿಯನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. 2011ರ ಜನಗಣತಿಯಲ್ಲಿಯೂ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ. 50ನ್ನು ಮುಟ್ಟಿರಲಿಲ್ಲ.

ಅದೇ 2011ರಲ್ಲಿ ಜಿಲ್ಲೆಯ, ವಿಶೇಷವಾಗಿ ದೇವದುರ್ಗ ತಾಲ್ಲೂಕಿನ, ಅಪೌಷ್ಟಿಕ ಮಕ್ಕಳ ಸಾವುಗಳು ಮಾಧ್ಯಮಗಳಲ್ಲಿ ವರದಿಯಾದವು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ರಚನೆಯಾಗಿ 2012ರಲ್ಲಿ ವರದಿ ಸಲ್ಲಿಕೆಯಾಯಿತು. ಕ್ಯಾಮೆರಾಗಳು ಎಲುಬು ಕಾಣುವ ಮಗುವಿನತ್ತ ತಿರುಗಿದ್ದವು. ಆದರೆ ಅಂತಹ ಮಗುವಿನ ಕಥೆ ಬಹುಪಾಲು ಹುಟ್ಟುವ ಮೊದಲೇ ಆರಂಭವಾಗಿರುತ್ತದೆ. ರಕ್ತಹೀನ ತಾಯಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. ಹೆರಿಗೆಯ ರಕ್ತಸ್ರಾವವನ್ನು ತಾಳಿಕೊಳ್ಳುವ ಶಕ್ತಿ ಆಕೆಯಲ್ಲಿ ಕಡಿಮೆ. ಹದಿನೆಂಟು ತುಂಬುವ ಮುನ್ನವೇ ಮದುವೆಯಾಗುವ ಹೆಣ್ಣುಮಕ್ಕಳು ಕಡಿಮೆಯಿಲ್ಲದ ಈ ಭಾಗದಲ್ಲಿ ಇಂದಿನ ಎಂಟನೆಯ ತರಗತಿಯ ಬಾಲಕಿಗೂ ನಾಳಿನ ಬಸುರಿಗೂ ನಡುವಿನ ಅಂತರ ಕೆಲವೇ ವರ್ಷಗಳದು. ಆದ್ದರಿಂದ ಶಾಲೆಯ ಮೊಟ್ಟೆಯನ್ನೂ ಅಂಗನವಾಡಿಯ ಮೊಟ್ಟೆಯನ್ನೂ ಒಂದೇ ಚರಿತ್ರೆಯ ಎರಡು ಪ್ರಕರಣಗಳಾಗಿ ಓದಬೇಕಾಗುತ್ತದೆ.

ಮಾತೃಪೂರ್ಣದ ಮಾದರಿ ಬಂದದ್ದು ನೆರೆ ರಾಜ್ಯಗಳಿಂದ. ಅವಿಭಜಿತ ಆಂಧ್ರಪ್ರದೇಶದಲ್ಲಿ 2013ರಲ್ಲಿ ‘ಅಮೃತ ಹಸ್ತಂ’ ಆರಂಭವಾಗಿತ್ತು. ತೆಲಂಗಾಣ 2015ರಲ್ಲಿ ‘ಆರೋಗ್ಯ ಲಕ್ಷ್ಮಿ’ಯ ಮೂಲಕ ಗರ್ಭಿಣಿಗೆ ಪೂರ್ಣ ಊಟ, ಹಾಲು ಮತ್ತು ದಿನಕ್ಕೊಂದರಂತೆ ಮೊಟ್ಟೆ ಕೊಡತೊಡಗಿತು. ಕೃಷ್ಣಾ ನದಿ ದಾಟಿದರೆ ತೆಲಂಗಾಣ, ತುಂಗಭದ್ರೆ ದಾಟಿದರೆ ಆಂಧ್ರ. ಒಂದು ಕಾಲಕ್ಕೆ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದ ಗದ್ವಾಲದ ಸೀಮೆಯಲ್ಲಿ ಮೊಟ್ಟೆ ಒಂದು ಆಹಾರ ಪದಾರ್ಥ. ರಾಜ್ಯದ ಗಡಿಯ ಈಚೆಗೆ ಅದೇ ಒಂದು ನೀತಿ ಪ್ರಶ್ನೆ. 2007ರಲ್ಲಿ ಶಾಲಾ ಬಿಸಿಯೂಟಕ್ಕೆ ಮೊಟ್ಟೆ ಸೇರಿಸುವ ಪ್ರಸ್ತಾಪ ಬಂದು ಧಾರ್ಮಿಕ ಮುಖಂಡರ ವಿರೋಧದಿಂದ ನಿಂತುಹೋಗಿದ್ದನ್ನು ಇಲ್ಲಿ ನೆನೆಯಬಹುದು.

ಹಾಗಿದ್ದೂ 2017ರ ಮಾತೃಪೂರ್ಣಕ್ಕೆ 2007ರ ಬಗೆಯ ಪ್ರತಿರೋಧ ಎದುರಾಗಲಿಲ್ಲ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು ಕೊಡುವ ಅವಕಾಶವಿದ್ದುದು ಒಂದು ಕಾರಣವಾಗಿರಬಹುದು. ಆದರೆ 2021ರಲ್ಲಿಯೂ ಬಾಳೆಹಣ್ಣಿನ ಆಯ್ಕೆ ಇತ್ತು, ವಿರೋಧ ತಪ್ಪಲಿಲ್ಲ. ಬಸುರಿಯ ಆಹಾರವನ್ನು ಪಥ್ಯವೆಂದು, ಔಷಧವೆಂದು ಕಾಣುವ ರೂಢಿಯಿದೆ. ಆಪತ್ಕಾಲದ ವಿನಾಯಿತಿ ಅದಕ್ಕೆ ದೊರೆತಿರಬಹುದು. ಇವೆರಡಕ್ಕಿಂತ ಬಲವಾದ ಕಾರಣ ಪಂಕ್ತಿಯದು. ಶಾಲೆಯ ಊಟ ಎಲ್ಲ ಜಾತಿಯ ಮಕ್ಕಳು ಸಾಲಾಗಿ ಕುಳಿತು ಉಣ್ಣುವ ಸಾರ್ವಜನಿಕ ಪಂಕ್ತಿ. ಅಲ್ಲಿ ಒಬ್ಬರ ತಟ್ಟೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಅಂಗನವಾಡಿಗೆ ಬಂದು ಉಣ್ಣುವ ಬಸುರಿಯರಾದರೋ ಹೆಚ್ಚಾಗಿ ಕೂಲಿ ಕುಟುಂಬದವರು. ಆಕ್ಷೇಪಿಸಬಹುದಾಗಿದ್ದ ಮನೆಗಳ ಹೆಣ್ಣುಮಕ್ಕಳು ಆ ಪಂಕ್ತಿಗೆ ಬರಲೇ ಇಲ್ಲ. 2017ರ ಮೌನವನ್ನು ಸಮ್ಮತಿಯೆಂದು ಓದುವುದಕ್ಕಿಂತ ಗೈರುಹಾಜರಿಯೆಂದು ಓದುವುದೇ ಹೆಚ್ಚು ಸರಿ.

ಮಾನ್ವಿಯಂತಹ ಊರಿನಲ್ಲಿ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಜಗನ್ನಾಥದಾಸರ ಕರ್ಮಭೂಮಿ ಮಾನ್ವಿ. ವಿಜಯದಾಸರ ಚೀಕಲಪರವಿ ಇದೇ ತಾಲ್ಲೂಕಿನದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಹರಿದಾಸ ಪರಂಪರೆ, ವೀರಶೈವ ಮಠಗಳು, ಸೂಫಿ ದರ್ಗಾಗಳು ಒಂದೇ ನೆಲದಲ್ಲಿ ಬೆಳೆದಿವೆ. ಮಡಿಯ ಮನೆ, ಮಾಂಸಾಹಾರದ ಮನೆ, ಶ್ರಾವಣದಲ್ಲಿ ಮಾತ್ರ ಬಿಡುವ ಮನೆ, ಸೋಮವಾರ ಶನಿವಾರ ಬಿಡುವ ಮನೆ ಎಲ್ಲವೂ ಒಂದೇ ಓಣಿಯ ಆಸುಪಾಸಿನವು. ಈ ಭಾಗದ ಆಡುಮಾತಿನಲ್ಲಿ ಮೊಟ್ಟೆಗೆ ‘ತತ್ತಿ’ ಎಂದೇ ಹೆಸರು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಕೂಡಿ ಸುಮಾರು ಶೇ. 40ರಷ್ಟಿದ್ದಾರೆ, ಮುಸ್ಲಿಮರ ಸಂಖ್ಯೆಯೂ ಗಣನೀಯ. ಇವರಲ್ಲಿ ಬಹುಪಾಲು ಮನೆಗಳಿಗೆ ತತ್ತಿ ನಿಷಿದ್ಧವಲ್ಲ. ಕೈಗೆಟುಕದ ವಸ್ತು ಅಷ್ಟೆ.

ಯೋಜನೆಗೆ ನಿಜವಾದ ತೊಡಕು ಒದಗಿದ್ದು ಮಠದಿಂದಲ್ಲ, ಮನೆಯ ಹೊಸ್ತಿಲಿನಿಂದ. ಬಾಣಂತಿ ಹೊರಗೆ ಕಾಲಿಡಬಾರದು, ಗಾಳಿಗೆ ಒಡ್ಡಿಕೊಳ್ಳಬಾರದು ಎಂಬುದು ಜಾತಿ ಧರ್ಮಗಳ ಭೇದವಿಲ್ಲದೆ ಪಾಲನೆಯಲ್ಲಿರುವ ನಿಯಮ. ಅಂತಹವಳನ್ನು ಪ್ರತಿ ಮಧ್ಯಾಹ್ನ ಅಂಗನವಾಡಿಗೆ ಬಂದು ಉಣ್ಣೆಂದರೆ ಹಿರಿಯರು ಒಪ್ಪುವುದು ಕಷ್ಟ. ಚೊಚ್ಚಲ ಬಸುರಿ ಕುಬುಸದ ಬಳಿಕ ತವರಿಗೆ ಹೋಗುತ್ತಾಳೆ. ಆಕೆಯ ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿ ಉಳಿದಿರುತ್ತದೆ. ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ನಾಟಿ, ಕಳೆ ಕೀಳುವ ಕೆಲಸಕ್ಕೆ ಹೋದವಳಿಗೆ ನಡುಹಗಲಿನಲ್ಲಿ ಊರಿಗೆ ಬಂದು ಉಂಡು ಹೋಗುವ ಬಿಡುವಿಲ್ಲ. ದೇವದುರ್ಗದ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬದ ಬಸುರಿಗಂತೂ ಈ ತಟ್ಟೆ ಎಟುಕುವುದೇ ಇಲ್ಲ. ಇವುಗಳಲ್ಲಿ ಮೊದಲ ಎರಡನ್ನು ಧಾರ್ಮಿಕ ಆಚರಣೆಯೆಂದೇ ಕರೆಯಬೇಕು. ಆದರೆ ಇವುಗಳ ಪರವಾಗಿ ಮನವಿ ಪತ್ರ ಹಿಡಿದು ಬಂದವರಿಲ್ಲ. ಹಾಗಾಗಿ ಆದೇಶ ರೂಪಿಸಿದವರ ಗಮನಕ್ಕೂ ಅವು ಬರಲಿಲ್ಲ.

ಸರ್ಕಾರ ಮನೆಯ ಆಚರಣೆಯನ್ನು ಪೂರ್ತಿ ಕಡೆಗಣಿಸಿತೆಂದೂ ಹೇಳುವಂತಿಲ್ಲ. 2018ರಲ್ಲಿ ಕೇಂದ್ರದ ಪೋಷಣ ಅಭಿಯಾನ ಆರಂಭವಾದ ಮೇಲೆ ಅಂಗನವಾಡಿಗಳಲ್ಲಿ ಸೀಮಂತ, ಅನ್ನಪ್ರಾಶನಗಳು ಸರ್ಕಾರಿ ಕಾರ್ಯಕ್ರಮಗಳಾದವು. ಬಸುರಿಗೆ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಆರತಿ ಬೆಳಗಿ, ಕಬ್ಬಿಣಾಂಶದ ಗುಳಿಗೆಯ ಮಹತ್ವ ಹೇಳುವ ಸಮಾರಂಭವಿದು. ಮುಸ್ಲಿಂ ಬಸುರಿಯರೂ ಪಾಲುಗೊಳ್ಳುವ ಜಿಲ್ಲೆಯಲ್ಲಿ ಪ್ರಭುತ್ವವೇ ಪುರೋಹಿತನ ಸ್ಥಾನದಲ್ಲಿ ನಿಂತದ್ದು ಕುತೂಹಲದ ಸಂಗತಿ. ಬಸುರಿಯನ್ನು ಹೊರಗೆ ಕರೆತರುವ ಆಚರಣೆಯನ್ನು ಸರ್ಕಾರ ಎತ್ತಿಕೊಂಡಿತು. ಬಾಣಂತಿಯನ್ನು ಒಳಗಿರಿಸುವ ಆಚರಣೆಗೆ ಅದರ ಬಳಿ ಉತ್ತರವಿರಲಿಲ್ಲ.

2021ರ ವಿವಾದಕ್ಕೆ ಬರುವುದಾದರೆ, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳನ್ನು ಆರಿಸಿದ್ದು ಅಲ್ಲಿನ ಅಪೌಷ್ಟಿಕತೆ ಮತ್ತು ರಕ್ತಹೀನತೆಯ ಆಧಾರದ ಮೇಲೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 44.8ರಷ್ಟಿದ್ದ ರಕ್ತಹೀನತೆ ಐದನೆಯ ಸುತ್ತಿನಲ್ಲಿ ಶೇ. 47.8ಕ್ಕೆ ಏರಿತ್ತು. ಶಾಲೆಯಲ್ಲಿ ಮೊಟ್ಟೆ ಕೊಡುವುದು ಸಸ್ಯಾಹಾರಿ ಮಕ್ಕಳ ಮನಸ್ಸಿನ ಮೇಲೆ ಪರಿಣಾಮ ಬೀರುತ್ತದೆ, ಬೇಕಾದವರು ಮನೆಯಲ್ಲಿ ತಿನ್ನಲಿ ಎಂಬುದು ವಿರೋಧಿಗಳ ಮುಖ್ಯ ವಾದ. ಮನೆಯಲ್ಲಿ ಕೊಳ್ಳಲಾಗದವರಿಗಾಗಿಯೇ ಈ ಯೋಜನೆ ಎಂಬುದನ್ನು ಈ ವಾದ ಗಣನೆಗೆ ತೆಗೆದುಕೊಳ್ಳುವುದಿಲ್ಲ. 1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಮೊಟ್ಟೆ ಬೇಕೆಂದು, ಬೇಡವೆನ್ನುವವರ ಮಠಕ್ಕೇ ಬಂದು ತಿನ್ನುತ್ತೇವೆಂದು ಆಡಿದ ಮಾತು ನಾಡಿನಾದ್ಯಂತ ಹರಡಿತು. ಆ ಚರ್ಚೆಯಲ್ಲಿ ಉಣ್ಣುವವರ ಕಡೆಯಿಂದ ಇಷ್ಟು ದೂರ ಕೇಳಿಸಿದ ಮಾತು ಬೇರೆ ಇಲ್ಲ.

ಜನಪ್ರತಿನಿಧಿಗಳ ಪಾತ್ರವೂ ಇಲ್ಲಿ ವಿಚಾರಾರ್ಹ. 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮೀಣ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ಮೊಟ್ಟೆ ಸಹಜ ಆಹಾರವಾಗಿರುವ ಸಮುದಾಯಗಳಿಗೆ ವಿಧಾನಸಭೆಯಲ್ಲಿ ಸ್ಥಾನವಿದೆ. ಆದರೂ ವಿವಾದದ ಪರಿಭಾಷೆಯನ್ನು ನಿರ್ಧರಿಸಿದ್ದು ಅಹಿಂಸೆ, ಸಾತ್ವಿಕತೆಯ ಮಾತುಗಳು. ಮಠಗಳು ನಡೆಸುವ ಶಾಲೆ, ಪ್ರಸಾದ ನಿಲಯಗಳ ಋಣ ಈ ಭಾಗದ ಎಲ್ಲ ಪಕ್ಷಗಳ ರಾಜಕಾರಣಿಗಳ ಮೇಲಿದೆ. ಅವುಗಳ ಅನ್ನದಾನದ ಸೇವೆ ದೊಡ್ಡದು. ಆ ಸೇವೆಯಿಂದ ಬಂದ ನೈತಿಕ ಅಧಿಕಾರವೇ ಸರ್ಕಾರದ ಅನ್ನದ ತಟ್ಟೆಯ ಮೇಲೂ ಮಾತಾಡುವ ಹಕ್ಕಾಗಿ ಮಾರ್ಪಟ್ಟಿತು.

ಈ ಬಾರಿ ಸರ್ಕಾರ ಹಿಂದೆ ಸರಿಯಲಿಲ್ಲ. ಯಾದಗಿರಿಯಲ್ಲಿ ಮೊಟ್ಟೆ ತಿಂದ ಮಕ್ಕಳ ತೂಕವನ್ನು ಯೋಜನೆಯಿಲ್ಲದ ಗದಗ ಜಿಲ್ಲೆಯ ಮಕ್ಕಳೊಡನೆ ಹೋಲಿಸಿದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳು, ಅದರಲ್ಲೂ ಬಾಲಕಿಯರು, ಹೆಚ್ಚು ತೂಕ ಗಳಿಸಿದ್ದು ಕಂಡುಬಂದಿತು. 2022ರಲ್ಲಿ ಯೋಜನೆ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಅದೇ ವರ್ಷ ಹೊಸ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ಸಿದ್ಧವಾದ ಒಂದು ನಿಲುವು ಪತ್ರ, ಮೊಟ್ಟೆ ಮಾಂಸಗಳು ಜೀವನಶೈಲಿಯ ರೋಗಗಳಿಗೆ ದಾರಿಯಾಗುತ್ತವೆಂದು ವಾದಿಸಿ ಟೀಕೆಗೆ ಗುರಿಯಾಯಿತು. ಧರ್ಮದ ಪರಿಭಾಷೆ ಸೋತಲ್ಲಿ ವೈದ್ಯದ ಪರಿಭಾಷೆ ಕಾಣಿಸಿಕೊಂಡದ್ದು ಇಲ್ಲಿ ಗಮನಾರ್ಹ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಶಾಲೆಯ ಮೊಟ್ಟೆ ವಾರಕ್ಕೆ ಆರು ದಿನಗಳಿಗೆ ಏರಿತು.

ಗರ್ಭಿಣಿಯ ಊಟದ ಕಥೆ ಬೇರೊಂದು ದಾರಿ ಹಿಡಿದಿತ್ತು. 2020ರಲ್ಲಿ ಕೋವಿಡ್ ಕಾರಣದಿಂದ ಅಂಗನವಾಡಿಗಳು ಮುಚ್ಚಿದಾಗ ಬಿಸಿಯೂಟದ ಬದಲು ಆಹಾರ ಸಾಮಗ್ರಿಯನ್ನು ಮನೆಗೇ ತಲುಪಿಸಲಾಯಿತು. ಹೊಸ್ತಿಲಿನ ತೊಡಕು ಇದರಿಂದ ತಾನಾಗಿ ನೀಗಿತು. ಬಾಣಂತಿ ಹೊರಗೆ ಬರಬೇಕಾಗಲಿಲ್ಲ, ಪಂಕ್ತಿಯ ಪ್ರಶ್ನೆಯೂ ಉಳಿಯಲಿಲ್ಲ. ಆದರೆ ಅಂಗನವಾಡಿಯಲ್ಲಿ ಕುಳಿತು ತಿಂದ ತತ್ತಿ ಆಕೆಯದೇ ಆಗಿತ್ತು. ಮನೆಗೆ ಬಂದ ತತ್ತಿ ಅಡುಗೆಮನೆಯ ಪಾಲಾಗಿ, ದುಡಿದು ಬಂದ ಗಂಡ, ಮನೆಯ ಮಕ್ಕಳು ಮತ್ತು ಹಿರಿಯರ ತಟ್ಟೆಗಳನ್ನು ದಾಟಿದ ಮೇಲೆಯೇ ಆಕೆಯ ಸರದಿ. ವಿತರಣೆಯಾದ ಮೊಟ್ಟೆಗಳ ಲೆಕ್ಕ ಇಲಾಖೆಯಲ್ಲಿ ಸಿಗುತ್ತದೆ. ಅವು ಮನೆಯೊಳಗೆ ಯಾರ ತಟ್ಟೆ ಸೇರಿದವೆಂಬುದು ಆ ಲೆಕ್ಕದಲ್ಲಿಲ್ಲ.