ಧನುಷ್ಕೋಟಿಯ ರೈಲು ನಿಲ್ದಾಣ

ರಾಮೇಶ್ವರಕ್ಕೆ ಹೋದವರು ಧನುಷ್ಕೋಟಿಯನ್ನೂ ನೋಡಿ ಬರುತ್ತಾರೆ. 2017ರಲ್ಲಿ ರಸ್ತೆ ತೆರೆದ ಮೇಲೆ ಅದು ಕಷ್ಟದ ದಾರಿಯೂ ಅಲ್ಲ. ಅಲ್ಲಿನ ಮರಳಿನಲ್ಲಿ ಹವಳದ ಕಲ್ಲಿನಿಂದ ಕಟ್ಟಿದ ಪಾಳು ದೇವಾಲಯವೊಂದಿದೆ. ಛಾವಣಿಯಿಲ್ಲದ ಗೋಡೆಗಳಷ್ಟೇ ಉಳಿದಿವೆ. ಎಲ್ಲರೂ ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅದೇ ಊರಿನ ರೈಲು ನಿಲ್ದಾಣದ ಮುರುಕು ಗೋಡೆಗಳ ಬಳಿ ನಿಲ್ಲುವವರು ಕಡಿಮೆ.

1914ರ ಫೆಬ್ರವರಿ 24ರಂದು ಪಾಂಬನ್ ಸೇತುವೆ ತೆರೆಯಿತು. ಅಲ್ಲಿಯವರೆಗೆ ತೂತ್ತುಕುಡಿಯಿಂದ ಹಡಗು ಹತ್ತಿ ಸಿಂಹಳಕ್ಕೆ ಹೋಗಬೇಕಿತ್ತು. ಈಗ ಮದರಾಸಿನಿಂದ ಧನುಷ್ಕೋಟಿಗೆ 'ಬೋಟ್ ಮೇಲ್' ರೈಲು, ಅಲ್ಲಿಂದ ತಲೈಮನ್ನಾರಿಗೆ ಸುಮಾರು 35 ಕಿಲೋಮೀಟರು ಹಡಗು, ಮುಂದೆ ಕೊಲಂಬೊಗೆ ಮತ್ತೆ ರೈಲು. ಎಲ್ಲಕ್ಕೂ ಒಂದೇ ಟಿಕೆಟು! ವರ್ತಕರೂ ಅಧಿಕಾರಿಗಳೂ ಈ ದಾರಿಯಲ್ಲಿ ಸಂಚರಿಸಿದರು. ಚಹಾ ತೋಟಗಳಿಗೆ ಹೊರಟ ಬಡ ತಮಿಳು ಕೂಲಿಗಳ ಪ್ರಯಾಣ ಅಷ್ಟು ಸರಾಗವಾಗಿರಲಿಲ್ಲ. ರೋಗ ತಪಾಸಣೆಗಾಗಿ ಅವರನ್ನು ಮೊದಲು ಮಂಡಪಂ ಶಿಬಿರದಲ್ಲಿ ತಡೆದಿಡುತ್ತಿದ್ದರು.

1964ರ ಡಿಸೆಂಬರ್ 22ರ ರಾತ್ರಿ, ಕ್ರಿಸ್ತಜಯಂತಿಯ ಜಾಗರಣೆಗೆ ಎರಡು ದಿನವಿರುವಾಗ, ಚಂಡಮಾರುತ ಬಂತು. ಪಾಂಬನ್ನಿನಿಂದ ಮಧ್ಯರಾತ್ರಿಗೆ ಮುನ್ನ ಹೊರಟ 653ನೆಯ ಸಂಖ್ಯೆಯ ಪ್ಯಾಸೆಂಜರ್ ರೈಲು ಧನುಷ್ಕೋಟಿಯನ್ನು ಸಮೀಪಿಸುತ್ತಿದ್ದಾಗ ಸಮುದ್ರವು ಅದನ್ನು ನುಂಗಿತು. 110 ಪ್ರಯಾಣಿಕರು, 5 ಮಂದಿ ಸಿಬ್ಬಂದಿ ಎಂಬುದು ಲೆಕ್ಕಕ್ಕೆ ಸಿಕ್ಕ ಸಂಖ್ಯೆ. ಟಿಕೆಟಿಲ್ಲದೆ ಹತ್ತಿದವರನ್ನು ಲೆಕ್ಕವಿಟ್ಟವರಾರು? ಒಬ್ಬರೂ ಬದುಕಲಿಲ್ಲ. ನಿಲ್ದಾಣ, ಹಡಗುಕಟ್ಟೆ, ಅಂಚೆ ಕಚೇರಿ, ದೇವಾಲಯ, ಬೆಸ್ತರ ಗುಡಿಸಲುಗಳು ಎಲ್ಲವೂ ಹಾಳಾದವು. ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಸಾರಿತು.

ಪಾಂಬನ್ ಸೇತುವೆಯನ್ನು 46 ದಿನಗಳಲ್ಲಿ ಸರಿಪಡಿಸಲಾಯಿತು. ಆ ಕೆಲಸದ ಹೊಣೆ ಹೊತ್ತಿದ್ದ ಇಂಜಿನಿಯರ್ ಇ. ಶ್ರೀಧರನ್, ಮುಂದೆ ನಮ್ಮ ಕಾರವಾರ, ಉಡುಪಿಗಳ ಮೂಲಕ ಹಾದುಹೋಗುವ ಕೊಂಕಣ ರೈಲುಮಾರ್ಗವನ್ನು ಕಟ್ಟಿಸಿದವರು. ಆದರೆ ಧನುಷ್ಕೋಟಿಯವರೆಗಿನ ಹಳಿಗಳನ್ನು ಮತ್ತೆ ಹಾಕಲಿಲ್ಲ. ಬೋಟ್ ಮೇಲ್ ರಾಮೇಶ್ವರದಲ್ಲೇ ನಿಲ್ಲತೊಡಗಿತು.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಲೇಬೇಕು. ಚಂಡಮಾರುತಕ್ಕೆ ಎರಡು ತಿಂಗಳೂ ತುಂಬದ ಮುನ್ನ, 1964ರ ಅಕ್ಟೋಬರ್ 30ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಿಕೆಯವರೂ ಒಪ್ಪಂದಕ್ಕೆ ಸಹಿ ಹಾಕಿದ್ದರು. ಅದರಂತೆ ತೋಟದ ಜನರಲ್ಲಿ 5,25,000 ಮಂದಿಯನ್ನು ಭಾರತ ಹಿಂದಕ್ಕೆ ಕರೆಸಿಕೊಳ್ಳಬೇಕಿತ್ತು. ಅವರಲ್ಲಿ ಅನೇಕರು ಅಲ್ಲಿಯೇ ಹುಟ್ಟಿದವರು. ಅವರನ್ನು ಕೇಳಿದವರು ಯಾರೂ ಇಲ್ಲ. ಮುಂದಿನ ವರ್ಷಗಳಲ್ಲಿ ಅವರು ತಂಡತಂಡವಾಗಿ ತಲೈಮನ್ನಾರಿನಿಂದ ಹಡಗು ಹತ್ತಿ ಬಂದು ರಾಮೇಶ್ವರದಲ್ಲಿ ಇಳಿದರು. ಅವರ ಅಜ್ಜ ಅಜ್ಜಿಯರು ಗಂಟುಮೂಟೆಯೊಂದಿಗೆ ರೈಲಿನಿಂದ ಇಳಿದಿದ್ದ ನಿಲ್ದಾಣ ಅಷ್ಟರಲ್ಲಿ ಮರಳು ಪಾಲಾಗಿತ್ತು.