ಮೈಗೆ ಹತ್ತುವ ತಿಂಡಿ

ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ತಿಂಡಿ ಎಂದರೆ ಇಡ್ಲಿ, ಬನ್ಸ್, ಗೋಳಿಬಜೆ. ಅದೇ ಮುಂಬೈಯಲ್ಲಿ ವಿಜಯಪುರದ ಕಡೆಯಿಂದ ಬಂದು ನೆಲೆಸಿದವರ ಮನೆಯಲ್ಲಿ ತಿಂಡಿ ಎಂದರೆ ತುರಿಕೆ. "ಅವ್ವಾ, ಕಾಲಿಗೆ ಭಾಳ ತಿಂಡಿ ಹತ್ತೇತಿ" ಎಂದು ಮಗಳು ಹೇಳಿದರೆ ಅವ್ವ ಹುಡುಕುವುದು ಕೊಬ್ಬರಿ ಎಣ್ಣೆಯ ಬಾಟಲಿಯನ್ನು.

ಒಂದೇ ಊರಿನಲ್ಲಿ ಈ ಎರಡು ತಿಂಡಿಗಳು ಸೇರಿದ್ದಕ್ಕೆ ಚರಿತ್ರೆಯಿದೆ. 1956ರ ನವೆಂಬರ್ 1ರವರೆಗೆ ವಿಜಯಪುರ (ಆಗಿನ ಬಿಜಾಪುರ), ಧಾರವಾಡ, ಬೆಳಗಾವಿಗಳಿಗೆ ಮುಂಬೈಯೇ ರಾಜಧಾನಿ. ಅಲ್ಲಿಯವರು ರೈಲು ಹತ್ತಿ ಬಂದರು. ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದವರು ಮಂಗಳೂರಿನಿಂದ ಹಡಗಿನಲ್ಲಿ ಬಂದು ಹೋಟೆಲುಗಳಲ್ಲಿ ಕೆಲಸಕ್ಕೆ ನಿಂತರು. ಎರಡೂ ಕಡೆಯವರು ತಮ್ಮ ತಮ್ಮ ತಿಂಡಿಯನ್ನು ಬಿಡಲಿಲ್ಲ.

ಎರಡರಲ್ಲೂ ಕೇಳಿಸುವುದು ತಿನ್ನುವ ಕ್ರಿಯೆಯೇ. ಒಂದನ್ನು ನಾವು ತಿನ್ನುತ್ತೇವೆ, ಇನ್ನೊಂದು ನಮ್ಮನ್ನು ತಿನ್ನುತ್ತದೆ. ಮೈಸೂರು ಸೀಮೆಯವರು "ಮೈ ಕಡಿಯುತ್ತಿದೆ" ಎನ್ನುವಾಗಲೂ ಅಲ್ಲಿ ಹಲ್ಲಿದೆ. ಕಾಲಿನ ಕೂದಲು ಬೋಳಿಸಿಕೊಂಡ ಮರುದಿನ ಲೆಗ್ಗಿಂಗ್ಸ್ ತೊಟ್ಟು, ಜೂನ್ ತಿಂಗಳ ಬೆವರಿನಲ್ಲಿ, ಕಲ್ಯಾಣದಿಂದ ದಾದರ್‌ವರೆಗೆ ಲೋಕಲ್‌ನಲ್ಲಿ ನಿಂತು ಬರುವ ಹುಡುಗಿಗೆ ಈ ಹಲ್ಲಿನ ಮಾತು ವಿವರಿಸಿ ಹೇಳಬೇಕಾಗಿಲ್ಲ. ಆ ನೂಕುನುಗ್ಗಲಿನಲ್ಲಿ ಬಗ್ಗಿ ಮೀನಖಂಡ ಮುಟ್ಟಿಕೊಳ್ಳುವಷ್ಟೂ ಜಾಗವಿರುವುದಿಲ್ಲ.

ಈ ಪದದ ಇನ್ನೊಂದು ಬಾಳು ನನಗೆ ಹಿಡಿಸುವುದಿಲ್ಲ. "ಏನ್ ತಿಂಡಿ ಐತಿ ನಿನಗ?" ಎಂದು ಕೇಳುವವನು ಚರ್ಮದ ಯೋಗಕ್ಷೇಮ ವಿಚಾರಿಸುತ್ತಿಲ್ಲ, ಜಗಳಕ್ಕೆ ಕರೆಯುತ್ತಿದ್ದಾನೆ. ತೀಟೆಗೂ ಇದೇ ಗತಿ. ಸುಮ್ಮನಿರಲಾರದವರು ಕಾಲು ಕೆರೆದುಕೊಂಡು ಜಗಳಕ್ಕೆ ಬರುತ್ತಾರೆ. ಕನ್ನಡದಲ್ಲಿ ತುರಿಕೆಯ ಮಾತುಗಳು ಒಂದೊಂದಾಗಿ ನಡತೆಯ ದೂರುಗಳಾಗಿಬಿಟ್ಟಿವೆ. ಹೆಣ್ಣಿನ ವಿಷಯದಲ್ಲಂತೂ ಈ ದೂರು ಇನ್ನಷ್ಟು ಕೊಳಕಾಗುತ್ತದೆ. ಹೀಗಿರುವಾಗ ಬಚ್ಚಲಲ್ಲಿ ಅಣ್ಣನ ರೇಜರು ತೆಗೆದುಕೊಂಡು, ಒಣಗಾಲಿನ ಮೇಲೆ ಅವಸರದಲ್ಲಿ ಎಳೆದ ಹದಿನಾರರ ಹುಡುಗಿ ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಅವಳು ಚೂಡಿದಾರದ ಮೇಲಿಂದಲೇ ಕೆರೆದುಕೊಳ್ಳುತ್ತಾಳೆ.

ಕೆರೆ ಎಂಬ ಕ್ರಿಯಾಪದವೂ ಇಲ್ಲಿ ನೆನಪಾಗಬೇಕು. ಗಡ್ಡ ಕೆರೆಯುವುದು ಎನ್ನುತ್ತೇವೆ, ಉಗುರಿನಿಂದ ಕೆರೆಯುವುದು ಎಂದೂ ಎನ್ನುತ್ತೇವೆ. ಬ್ಲೇಡು ಕೂದಲನ್ನಷ್ಟೇ ಕತ್ತರಿಸುವುದಿಲ್ಲ. ಚರ್ಮದ ಮೇಲ್ಪದರವನ್ನೂ ಅದರ ಜಿಡ್ಡನ್ನೂ ಕೆರೆದು ಒಯ್ಯುತ್ತದೆ. ಕಾವಲು ತೆಳುವಾದ ಚರ್ಮದಿಂದ ತೇವ ಆರುತ್ತದೆ, ಬೆವರಿನ ಉಪ್ಪು ಚುರುಗುಟ್ಟುತ್ತದೆ. ಕತ್ತರಿಸಿದ ಕೂದಲಿನ ತುದಿ ಚೂಪಾಗಿ ಬೆಳೆದು ಚುಚ್ಚುತ್ತದೆ, ಕೆಲವು ಕೂದಲು ಒಳಕ್ಕೇ ತಿರುಗಿ ಗುಳ್ಳೆಯೇಳಿಸುತ್ತವೆ. ಅದರ ಮೇಲೆ ಉಗುರಿನ ಎರಡನೇ ಕೆರೆತ. ಆ ಸಣ್ಣ ನೋವು ತುರಿಕೆಯನ್ನು ಅರೆಗಳಿಗೆ ಮರೆಸುತ್ತದೆ ನಿಜ. ಆದರೆ ನೋವು ತಗ್ಗಿಸಲು ಮೆದುಳು ಬಿಡುವ ಸಿರೊಟೋನಿನ್ ತುರಿಕೆಯನ್ನು ಇನ್ನೂ ಹೆಚ್ಚಿಸುತ್ತದೆಂದು 2014ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ತಿಂದಷ್ಟೂ ಹಸಿಯುವ ತಿಂಡಿ ಇದು.

ಕೆರೆಯುವ ಬದಲು ತಣ್ಣೀರಲ್ಲಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಕಾಲಿನ ಮೇಲೆ ಹಾಕಿಕೊಳ್ಳಿ. ಮೈ ಇನ್ನೂ ಒದ್ದೆಯಿರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಸವರಿ. ಕ್ಯಾಲಮೈನ್ ಆದೀತು. ಗಂಡಸರ ಆಫ್ಟರ್‌ಶೇವ್ ಬೇಡ, ಅದರ ಸ್ಪಿರಿಟ್ಟು ಉರಿ ಎಬ್ಬಿಸುತ್ತದೆ. ಗುಳ್ಳೆ ಆರುವವರೆಗೆ ಸಡಿಲವಾದ ಹತ್ತಿಯ ಬಟ್ಟೆ ಇರಲಿ, ರೇಜರು ಮುಟ್ಟುವುದು ಬೇಡ. ಮುಂದಿನ ಸಲ ಬಿಸಿನೀರಲ್ಲಿ ಕೂದಲು ಮೆತ್ತಗಾದ ಮೇಲೆ ನೊರೆ ಹಚ್ಚಿ, ಸ್ವಂತದ ಹೊಸ ಬ್ಲೇಡಿನಿಂದ, ಕೂದಲು ಮಲಗಿದ ದಿಕ್ಕಿಗೇ ಎಳೆಯಬೇಕು. ಬೋಳಿಸದೆಯೂ ಇರಬಹುದು. ಆರೋಗ್ಯಕ್ಕೆ ಅದರ ಅಗತ್ಯವೇನೂ ಇಲ್ಲ.

ನನಗೆ ನಿಜವಾದ ಭಯವಿರುವುದು ಮೆಡಿಕಲ್ ಸ್ಟೋರಿನ ಟ್ಯೂಬಿನ ಬಗ್ಗೆ. ಮಳೆಗಾಲದ ಮುಂಬೈಯಲ್ಲಿ ಕಾಲಿನ ತುರಿಕೆಯೆಲ್ಲ ಬ್ಲೇಡಿನದಲ್ಲ, ಹುಳುಕಡ್ಡಿಯೆಂಬ ಶಿಲೀಂಧ್ರದ ಸೋಂಕೂ ಇರಬಹುದು. ಸ್ಟಿರಾಯ್ಡ್ ಬೆರೆಸಿದ ಮಿಶ್ರಣದ ಮುಲಾಮು ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ಮಾಯ, ಒಳಗೆ ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಇರುತ್ತದೆ, ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಬಿಗಿ ಮಾಡಿದ್ದು ಇಂಥ ಹಾನಿ ಕಂಡೇ.

ಕೀವು ತುಂಬಿದರೆ, ಕೆಂಪು ಹಬ್ಬಿದರೆ, ಉಂಗುರದಂಥ ಅಂಚು ಕಂಡರೆ, ವಾರವಾದರೂ ನಿಲ್ಲದಿದ್ದರೆ ಸಾಯನ್ ಆಸ್ಪತ್ರೆಗೋ ಕೆಇಎಮ್‌ಗೋ ಹೋಗಿ ಚರ್ಮದ ವಿಭಾಗದಲ್ಲಿ ತೋರಿಸಬೇಕು. ಅಲ್ಲಿ ಕನ್ನಡ ಬಲ್ಲ ಡಾಕ್ಟರು ಸಿಕ್ಕರೂ ಅವರು ಕರಾವಳಿಯವರಾಗಿದ್ದರೆ ತಿಂಡಿ ಎಂದದ್ದು ಊಟದ ಮಾತಾಗಿ ಕೇಳಿಸೀತು. ಮರಾಠಿಯಲ್ಲಿ ಖಾಜ್, ಹಿಂದಿಯಲ್ಲಿ ಖುಜಲಿ ಎಂದರೆ ಸಾಕು. ಎಷ್ಟು ದಿನವಾಯಿತು, ರೇಜರು ಯಾವಾಗ ಹಾಕಿದ್ದು ಎಂಬುದನ್ನು ಮುಚ್ಚಿಡದೆ ಹೇಳಿ, ಈಗಾಗಲೇ ಹಚ್ಚಿಕೊಂಡ ಟ್ಯೂಬನ್ನು ಪರ್ಸಿನಲ್ಲಿಟ್ಟುಕೊಂಡು ಹೋಗಿ.